ಕಂಪನಿ ಪೇಂಟು

ದೋಣಿಯ ಚಪ್ಪರದೊಳಗೆ ಕಾರು ನಿಂತ ವರ್ಷವೇ ನನ್ನ ತಮ್ಮ ಮಾಬ್ಲ ಸತ್ತ. ಎರಡಕ್ಕೂ ಸಂಬಂಧವಿಲ್ಲ, ಅವನ ಆಯಸ್ಸು ಅಷ್ಟೇ ಇತ್ತು ಎಂದು ನನ್ನ ಅಣ್ಣ ಜಟ್ಟಿ ಹೇಳುತ್ತಾನೆ. ಹೇಳಲಿ. ಹೇಳುವ ಬಾಯಿ ಅವನದು, ಕೇಳಿ ನಂಬುವುದಕ್ಕೆ ನನ್ನಿಂದಾಗುವುದಿಲ್ಲ.

ನಮ್ಮದು ಮಂಕಿಯ ಕಡಲ ದಂಡೆಯ ಮನೆ. ಅಪ್ಪ, ಅವ್ವ ಹೋದ ಮೇಲೆ ಅಲ್ಲಿ ಉಳಿದವರು ಅಣ್ಣ, ತಮ್ಮ, ತಮ್ಮನ ಹೆಂಡತಿ ನಾಗಿ, ಮತ್ತೆ ಗಂಡ ಸತ್ತು ತವರಿಗೆ ಬಂದು ಕೇರಿಯ ಬಾಲವಾಡಿ ನೋಡಿಕೊಳ್ಳುತ್ತಿದ್ದ ನಾನು, ಲಕ್ಕಿ. ಮನೆಯ ಒಲೆ ಉರಿಯುತ್ತಿದ್ದದ್ದು ಮಾಬ್ಲನ ದೋಣಿಯಿಂದ. ಜಟ್ಟಿಗೆ ಕಡಲು ಆಗುತ್ತಿರಲಿಲ್ಲ. ದೋಣಿ ಹತ್ತಿ ನಾಲ್ಕು ತೆರೆ ದಾಟುವುದರೊಳಗೆ ಅವನ ಹೊಟ್ಟೆಯಲ್ಲಿದ್ದ ಗಂಜಿಯೆಲ್ಲ ಮೀನಿಗೆ. ಕೇರಿಯವರು ನಕ್ಕು ನಕ್ಕು ಅವನನ್ನು ದಂಡೆಯಿಂದಲೇ ಓಡಿಸಿದರು. ಮೀನಿನ ಲಾರಿಗೆ ಕ್ಲೀನರ್ ಆಗಿ ಸೇರಿ, ಆಮೇಲೆ ಡ್ರೈವರ್ ಆದ. ಗಲ್ಫಿಗೆ ಹೋಗಿ ನಾಲ್ಕು ಜನರ ಕಣ್ಣೆದುರು ತಲೆಯೆತ್ತಿ ತಿರುಗಿ ಬಂದ ಮೇಲೆಯೇ ಮದುವೆ ಎಂದು ಹಟ ಹಿಡಿದು ಕೂತಿದ್ದ.

ಆ ಹಟಕ್ಕೆ ಸರಿಯಾಗಿ ಸಿಕ್ಕಿದವರು ಮಂಕಿ ಪೇಟೆಯ ಪಾಂಡುರಂಗ ಕಾಮತರು. ಬಹರೈನಿನಲ್ಲಿ ಕಂಪನಿಯ ಗುಮಾಸ್ತರು. ಅಲ್ಲಿ ತಾವು ಓಡಿಸುತ್ತಿದ್ದ ಹಳೆಯ ಡಾಟ್ಸನ್ ಕಾರನ್ನು ಹಡಗಿಗೆ ಹಾಕಿ ಬೊಂಬಾಯಿಗೆ ತರಿಸಿ, ಅಲ್ಲಿಂದ ಊರಿಗೆ ತಂದಿದ್ದರು. ಸ್ಟೀರಿಂಗು ಎಡಗಡೆ. ಬಾಳೆಯ ಎಳೆ ಸುಳಿಯ ಬಣ್ಣ. ಅಂಥ ಬಣ್ಣದ ಕಾರು ಹೊನ್ನಾವರ, ಕುಮಟೆ, ಭಟ್ಕಳ ಎಲ್ಲಿ ಹುಡುಕಿದರೂ ಇನ್ನೊಂದು ಇರಲಿಲ್ಲ. ರಜೆ ಮುಗಿದು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಹರೈನಿಗೆ ಹೊರಟಾಗ ಅವರು ಕಾರಿನ ಕೀಲಿಕೈಯನ್ನು ಜಟ್ಟಿಗೆ ಕೊಟ್ಟರು.

"ಇದು ಬ್ರಶ್ಶಲ್ಲಿ ಬಳಿದ ಬಣ್ಣ ಅಲ್ಲ ಜಟ್ಟಿ. ಕಂಪನಿ ಪೇಂಟು. ಜಪಾನಿನ ಕಾರ್ಖಾನೆಯಲ್ಲಿ ಒಲೆಯೊಳಗಿಟ್ಟು ಬೇಯಿಸಿದ್ದು. ಇದು ಒಂದು ಸಲ ಹೋದ್ರೆ ಹೋಯ್ತು, ಕುಮಟೆಯ ಯಾವ ಪೇಂಟರಿಗೂ ತಿರುಗಿ ತರುಕೆ ಬರೂದಿಲ್ಲ. ಮೇಲೆ ಬೇರೆ ಬಣ್ಣ ಹಾಕ್ಸಿದ್ರೆ ಅದು ನನ್ನ ಕಾರೇ ಅಲ್ಲ. ನಾ ತಿರುಗಿ ಬಪ್ಪ ತನಕ ಇದು ಹೀಂಗೇ ಇದ್ರೆ, ನಿನ್ನ ವೀಸಾ ನನ್ನ ಜವಾಬ್ದಾರಿ."

ಕಾಮತರು ಕೆಟ್ಟವರಲ್ಲ. ಅವರಿಗೆ ಆ ಬಣ್ಣದ ಮೇಲೆ ಪ್ರೀತಿ, ಅಷ್ಟೆ. ನಮ್ಮ ಅಣ್ಣನಿಗೆ ಮಾತ್ರ ಅವತ್ತಿನಿಂದ ಆ ಬಣ್ಣವೇ ದೇವರಾಯಿತು.

ಮೊದಲು ಕಾರು ಕಾಮತರ ಅಂಗಳದಲ್ಲೇ ಇತ್ತು. ಮೇಲೆ ಮಾವಿನ ಮರ. ಮಾವಿನ ಸೊನೆ ಬಿದ್ದಲ್ಲಿ ಬಣ್ಣ ಮಂಕಾಗುತ್ತದೆ, ಬಾವಲಿಯ ಹಿಕ್ಕೆ ಬಿದ್ದಲ್ಲಿ ಸುಟ್ಟ ಹಾಗೆ ಕಲೆಯಾಗುತ್ತದೆ ಎಂದು ಜಟ್ಟಿ ದಿನಾ ಹೋಗಿ ಒರೆಸಿ ಬರುತ್ತಿದ್ದ. ಸಾಬೂನು ಇಲ್ಲ, ಸೀಮೆಎಣ್ಣೆ ಇಲ್ಲ. ಬಾವಿಯ ಸಿಹಿನೀರು, ಒಗೆದು ಒಗೆದು ಮೆತ್ತಗಾದ ಅಪ್ಪನ ಹಳೆಯ ಪಂಚೆ. ಮೇಲೆ ಕಾಮತರು ಕೊಟ್ಟ ಡಬ್ಬಿಯ ಮೇಣ, ಚೂರೇ ಚೂರು. ನಮ್ಮ ಮನೆಯ ದೇವರ ದೀಪಕ್ಕೂ ಯಾರೂ ಅಷ್ಟು ಸೇವೆ ಮಾಡಿರಲಿಲ್ಲ. ಬೇಸಿಗೆಯ ಕೊನೆಗೆ ಒಂದು ದಿನ ಹಿಂದಿನ ಚಕ್ರದ ಮೇಲ್ಗಡೆ ಹುಣಸೆ ಬೀಜದಷ್ಟು ಬಣ್ಣ ಉಬ್ಬಿದ್ದು ಕಂಡಿತು. ಅವತ್ತು ಅವನು ಊಟ ಮಾಡಲಿಲ್ಲ.

"ಒಳಗಿಂದ ತುಕ್ಕು ಬಪ್ಪಕೆ ಹಿಡಿದದೆ. ಮಳೆಗಾಲ ಪೂರ್ತಿ ಅಲ್ಲಿ ಬಿಟ್ರೆ ಮುಗೀತು. ಇಲ್ಲಿ ತಂದು ನಮ್ಮ ಚಪ್ಪರದಾಗೆ ಇಡ್ತೆ. ಕಣ್ಣೆದುರಿಗೆ ಇರ್ತದೆ," ಎಂದ.

ಚಪ್ಪರ ಎಂದರೆ ದೋಣಿಯ ಚಪ್ಪರ. ಮಳೆಗಾಲ ಹಿಡಿಯುವ ಮೊದಲು ದೋಣಿಯನ್ನು ದಂಡೆಯ ಮೇಲಕ್ಕೆ ಎಳೆದು, ತೆಂಗಿನ ಗರಿಯ ಮಡಲಿನ ಮಾಡಿನ ಕೆಳಗೆ ದಿಮ್ಮಿಗಳ ಮೇಲೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಅದೊಂದೇ ಚಪ್ಪರ. ಅದರೊಳಗೆ ಒಂದೋ ದೋಣಿ, ಇಲ್ಲವೇ ಕಾರು.

ಕಡಲ ಉಪ್ಪುಗಾಳಿಗೆ ಕಾರನ್ನು ತರುವುದೇ ಹುಚ್ಚು ಎಂದು ಈಗ ಯಾರಿಗೂ ಹೊಳೆಯುತ್ತದೆ. ನಮಗೆ ಆಗ ಹಾಗೆ ಕಾಣಲಿಲ್ಲ. ನೀರಿಗೂ ಗಾಳಿಗೂ ಮದ್ದು ಮೀನೆಣ್ಣೆ ಎಂಬುದು ನಾವು ಹುಟ್ಟಿದಾಗಿನಿಂದ ಕಂಡ ವಿದ್ಯೆ. ದೋಣಿ ಉಳಿಸಿದ ಎಣ್ಣೆ ಕಾರನ್ನು ಉಳಿಸುವುದಿಲ್ಲವೇ? ಜಟ್ಟಿಯ ಲೆಕ್ಕ ಅದು. ಕೇಳಿದಾಗ ನನಗೂ ಸರಿ ಎಂದೇ ಅನಿಸಿತ್ತು.

ಸರಿ ಅನಿಸದೇ ಇದ್ದದ್ದು ನಾಗಿಗೆ. ಅವಳು ಶಿರಾಲಿ ಹತ್ತಿರದ ಅಳ್ವೆಕೋಡಿಯವಳು, ದೋಣಿ ಹೊಲಿಯುವವರ ಮಗಳು. ನಮ್ಮ ದೋಣಿಗೆ ಮೊಳೆ ಇರಲಿಲ್ಲ. ಹಲಗೆಗೆ ಹಲಗೆ ಜೋಡಿಸಿ, ತೂತು ಕೊರೆದು, ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗದಿಂದ ಹೊಲಿದ ದೋಣಿ. ಆ ಹೊಲಿಗೆಗೆ ಕಡಲಿನ ಉಪ್ಪುನೀರು ಏನೂ ಮಾಡುವುದಿಲ್ಲ. ಮಳೆಯ ಸಿಹಿನೀರು ಕುಡಿದರೆ ಮಾತ್ರ ಕತ್ತ ಕೊಳೆಯುತ್ತದೆ. ಅದಕ್ಕೇ ವರ್ಷವೂ ದೋಣಿ ಒಣಗಿದ ಮೇಲೆ ಹೊಲಿಗೆಗೆ ಮೀನೆಣ್ಣೆ ಕುಡಿಸಿ, ಚಪ್ಪರದ ಒಳಗೆ ಇಡುವುದು.

"ಬಾವ, ಚಪ್ಪರ ಬೇಕಾರೆ ತಕಣಿ. ಎಣ್ಣೆ ದೋಣಿಗೆ ಬಿಡಿ," ಎಂದಳು ನಾಗಿ.

ಆ ವರ್ಷ ಎಣ್ಣೆ ತೆಗೆಯುವ ತಾರ್ಲೆ ಮೀನು ಸರಿಯಾಗಿ ಬಿದ್ದಿರಲಿಲ್ಲ. ಕಾಯಿಸಿ ಇಟ್ಟ ಎಣ್ಣೆ ಮನೆಯಲ್ಲಿ ಒಂದೇ ಡಬ್ಬ ಇತ್ತು. ಕೇರಿಯಲ್ಲಿ ಕೇಳಿದರೂ ಯಾರ ಹತ್ತಿರವೂ ಹೆಚ್ಚಿರಲಿಲ್ಲ. ಜಟ್ಟಿ ಮಾಬ್ಲನ ಮುಖ ನೋಡಿದ. ಮಾಬ್ಲ ಯಾವತ್ತೂ ಅಣ್ಣನಿಗೆ ಎದುರಾಡಿದವನಲ್ಲ. ಕಡಲಿನಲ್ಲಿ ಹುಲಿ, ಮನೆಯಲ್ಲಿ ಆಡಿನ ಮರಿ.

"ಇರ್ಲಿ ಬಿಡೆ," ಎಂದ ಹೆಂಡತಿಗೆ. "ಅಣ್ಣಂಗೆ ವೀಸಾ ಬಂದ್ರೆ ಮಿಶೀನ್ ಬೋಟೇ ತಕಂಬುದು. ಆಗ ಈ ಹೊಲಿಗೆ ಗಿಲಿಗೆ ಎಂತದೂ ಬೇಡ. ಒಂದು ವರ್ಷ ಎಣ್ಣೆ ಇಲ್ದಿದ್ರೆ ದೋಣಿ ಸಾಯೂದಿಲ್ಲ."

ಮರಳಿನ ಮೇಲೆ ಚಕ್ರ ಹೂಳಬಾರದೆಂದು ದಾರಿಯುದ್ದಕ್ಕೂ ಮಡಲು ಹಾಸಿ, ಇಬ್ಬರೂ ಸೇರಿ ಕಾರನ್ನು ತಳ್ಳಿ ತಂದರು. ಮಾಬ್ಲನೇ ಹೆಚ್ಚು ತಳ್ಳಿದ್ದು. ದೋಣಿಯನ್ನು ಚಪ್ಪರದ ಪಕ್ಕ ಬಯಲಿಗೆ ಎಳೆದು ಮೇಲೆ ಮಡಲು ಹೊದಿಸಿ ಹಗ್ಗ ಬಿಗಿದರು. ಆಮೇಲೆ ಜಟ್ಟಿ ಕಾರಿನ ಅಡಿಗೆ ಅಂಗಾತ ಮಲಗಿ, ತಗಡು ತಗಡಿಗೆ ಸೇರುವ ಕಡೆಗಳಿಗೆ, ಬಾಗಿಲಿನ ಸಂದಿಗೆ, ಚಕ್ರದ ಗೂಡಿಗೆ ಕೋಳಿ ಗರಿಯಿಂದ ಎಣ್ಣೆ ತೀಡಿದ. "ದೋಣಿ ಹೊಲಿಗೆಯಲ್ಲಿ ಕೆಡ್ತದೆ, ಕಾರು ಸಂದಿಯಲ್ಲಿ ಕೆಡ್ತದೆ," ಎಂದು ನನಗೆ ಪಾಠ ಹೇಳಿದ. ಮೇಲ್ಮೈಗೆ ಒಂದು ಹನಿ ಎಣ್ಣೆ ತಾಗಲು ಬಿಡಲಿಲ್ಲ. ಡಬ್ಬದ ತಳದಲ್ಲಿ ಅಂಗೈ ಆಳದಷ್ಟು ಎಣ್ಣೆ ಉಳಿಯಿತು.

ಆಷಾಢದ ಗಾಳಿಗೆ ದೋಣಿಯ ಮೇಲಿನ ಮಡಲು ಹಾರಿಹೋಯಿತು. ಮತ್ತೆ ಹೊದಿಸಿದರು, ಮತ್ತೆ ಹಾರಿತು. ಮಾಬ್ಲ ಬೆಳಿಗ್ಗೆ ನಾಟಿ ಗದ್ದೆಯ ಕೂಲಿಗೆ ಹೋಗುವ ಮೊದಲು ದೋಣಿಯೊಳಗೆ ನಿಂತ ಮಳೆನೀರನ್ನು ಗೆರಟೆಯಿಂದ ತೋಡಿ ಹಾಕುತ್ತಿದ್ದ. ಸಂಜೆ ಬರುವಷ್ಟರಲ್ಲಿ ಮತ್ತೆ ತುಂಬಿರುತ್ತಿತ್ತು. ಪಕ್ಕದ ಚಪ್ಪರದೊಳಗೆ ಕಾರು ಬೆಚ್ಚಗೆ ಕೂತಿತ್ತು. ಜಟ್ಟಿ ಗಳಿಗೆಗೊಮ್ಮೆ ಹೋಗಿ ಒರೆಸುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಅವನಿಗೆ ಕೇಳುವ ಹಾಗೆಯೇ ಅಂದೆ. ಅವನು ನಕ್ಕ. ನಾಗಿ ನಗಲಿಲ್ಲ. ಅವಳು ಆಗ ಬಸುರಿ.

ನೂಲ ಹುಣ್ಣಿಮೆ ಬಂತು. ಕಡಲಿಗೆ ತೆಂಗಿನಕಾಯಿ ಬಿಟ್ಟು, ದೋಣಿಗಳನ್ನು ನೀರಿಗಿಳಿಸುವ ದಿನ. ನಾಗಿ ಮುಂಚಿನ ದಿನವೇ ದೋಣಿಯ ಅಡಿಗೆ ಬಗ್ಗಿ ಹೊಲಿಗೆಗೆ ಹೆಬ್ಬೆರಳು ಒತ್ತಿ ನೋಡಿ ಬಂದಿದ್ದಳು.

"ಕತ್ತ ಮೆತ್ತಗಾಗದೆ. ಅಪ್ಪಂಗೆ ಹೇಳಿ ಕಳ್ಸಿದೆ. ಅಲ್ಲಿಯ ದೋಣಿಗಳ ಕೆಲಸ ಮುಗಿಸಿ ಬತ್ತೆ, ಹೊಸಾ ಹೊಲಿಗೆ ಹಾಕಿಕೊಡ್ತೆ ಅಂದಿದ್ದ. ಅಷ್ಟರ ತನಕ ಇಳಿಸೂದು ಬ್ಯಾಡ," ಎಂದಳು.

ಎಲ್ಲರ ದೋಣಿ ನೀರಿಗೆ ಬಿದ್ದಾಗ ಒಂದು ಮನೆಯ ದೋಣಿ ದಂಡೆಯಲ್ಲೇ ಉಳಿದರೆ ಅದು ನಮ್ಮಲ್ಲಿ ಅಪಶಕುನ, ಅವಮಾನ ಎರಡೂ ಹೌದು. ಆದರೂ ಮಾಬ್ಲ ನಾಗಿಯ ಮಾತು ಕೇಳಿ ಹುಣ್ಣಿಮೆಯ ದಿನ ಇಳಿಸಲಿಲ್ಲ. ಅದಕ್ಕೆ ಕೇರಿಯವರು ಆಡಿದ್ದೇ ಆಡಿದ್ದು. ಗಲ್ಫ್ ಕಾರಿನ ಮನೆಯವರಿಗೆ ಇನ್ನು ದೋಣಿ ಯಾಕೆ, ಜಟ್ಟಿ ಕಾರನ್ನೇ ಕಡಲಿಗಿಳಿಸುತ್ತಾನೆ ಎಂದರು. ಅಷ್ಟರಲ್ಲಿ ಬಂಗಡೆ ದಂಡೆಯ ಹತ್ತಿರಕ್ಕೇ ಬಂತು. ನಿನ್ನೆ ಮೊನ್ನೆ ಬಲೆ ಹಿಡಿದವರೂ ದೋಣಿ ತುಂಬ ಮೀನು ತಂದರು. ಮಾಬ್ಲ ಮನೆಯೊಳಗೆ ಕೂರಲಾಗದೆ ಅಂಗಳದಲ್ಲಿ ಸುತ್ತತೊಡಗಿದ.

ಆಗ ಜಟ್ಟಿ ಡಬ್ಬದಲ್ಲಿ ಉಳಿದಿದ್ದ ಎಣ್ಣೆ ತಂದ. ತಮ್ಮನಿಗೆ ಒಳ್ಳೆಯದಾಗಲಿ ಎಂದೇ ತಂದ, ಅದರಲ್ಲಿ ಅನುಮಾನವಿಲ್ಲ. ಕಾರು ಒರೆಸಿ ಒರೆಸಿ ಅವನ ಕೈ ಪಳಗಿತ್ತು. ಹೊಲಿಗೆಯ ಉದ್ದಕ್ಕೂ ತೆಳ್ಳಗೆ, ಒಂದೇ ಸಮ, ಒಂದು ಎಳೆ ತಪ್ಪದ ಹಾಗೆ ಎಣ್ಣೆ ಹಚ್ಚಿದ. ಒಣಗಿದ ಹಗ್ಗ ಎಣ್ಣೆ ಕುಡಿಯುತ್ತದೆ. ಒದ್ದೆ ಹಗ್ಗ ಕುಡಿಯುವುದಿಲ್ಲ, ಮೇಲೆ ಮಿನುಗುತ್ತದೆ ಅಷ್ಟೆ. ಸಂಜೆಗೆ ದೋಣಿ ಹೊಸದರ ಹಾಗೆ ಹೊಳೆಯಿತು. ಹೊಳೆಯುವುದೆಲ್ಲ ಗಟ್ಟಿ ಎಂದು ಕಾರು ಅವನಿಗೆ ಕಲಿಸಿಬಿಟ್ಟಿತ್ತು.

"ನೋಡು, ಹ್ಯಾಂಗಾತು?" ಎಂದ.

ಮಾಬ್ಲನಿಗೂ ಅಷ್ಟೇ ಸಾಕಿತ್ತು. "ಆತು," ಎಂದ.

ಮರುದಿನ ಬೆಳಿಗ್ಗೆ, ನಾಗಿ ಬೇಡವೆಂದರೂ ಕೇಳದೆ, ಅವನೂ ಕೇರಿಯ ರಾಮನೂ ದೋಣಿ ಇಳಿಸಿದರು. ಹೋಗುವಾಗ ದೋಣಿಗೆ ಏನೂ ಆಗಲಿಲ್ಲ. ಬರುವಾಗ ಅದರ ತುಂಬ ಬಂಗಡೆ, ಅಷ್ಟು ಭಾರ. ದಂಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ತೆರೆ ಒಡೆಯುವ ಜಾಗದಲ್ಲಿ, ಅಡಿಯ ಹೊಲಿಗೆ ಬಿಚ್ಚಿತು. ಹರಿದ ಸದ್ದು ಕೂಡ ಬರಲಿಲ್ಲವಂತೆ. ರಾಮ ಹೇಳಿದ್ದು: ಕಾಲ ಕೆಳಗಿನ ಹಲಗೆ ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ರಾಮ ಹುಟ್ಟು ಹಿಡಿದು ಈಜಿ ದಡ ಸೇರಿದ. ಮಾಬ್ಲ ಅವನಿಗಿಂತ ಒಳ್ಳೆಯ ಈಜುಗಾರ. ಆದರೆ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ನಾಗಿ ದಂಡೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ನಾನೂ ನಿಂತಿದ್ದೆ. ತೆರೆ ಬಂದು ಹೋದ ಮೇಲೆ ಅಲ್ಲಿ ಮೀನು ತೇಲುತ್ತಿತ್ತು, ತಮ್ಮ ಇರಲಿಲ್ಲ.

ಹೆಣ ಸಿಕ್ಕಿದ್ದು ತೆಂಕಲಾಗಿ, ಭಟ್ಕಳದ ಕಡೆ. ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ, ಬಂದು ಗುರುತು ಹಿಡಿದು ತೆಗೆದುಕೊಂಡು ಹೋಗಬೇಕು ಎಂದು ಪೊಲೀಸಿನವರು ಹೇಳಿ ಹೋದರು. ಜಟ್ಟಿ ಕಾರನ್ನು ಚಪ್ಪರದಿಂದ ಹೊರಗೆ ತೆಗೆದ. ನಾಗಿಯನ್ನೂ ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಟ್ಕಳಕ್ಕೆ ಹೋದ. ದಾರಿಯುದ್ದಕ್ಕೂ ಅವನು ಅಳುತ್ತಲೇ ಗಾಡಿ ಓಡಿಸಿದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಸ್ಪತ್ರೆಯವರು ಚಾಪೆಯಲ್ಲಿ ಸುತ್ತಿದ ಮಾಬ್ಲನನ್ನು ಹೊರಗೆ ತಂದು ಜಗಲಿಯ ಮೇಲೆ ಇಟ್ಟರು. ನೀರು ಕುಡಿದು ಉಬ್ಬಿದ ಮೈ. ಕಾಲು ಮಡಚುವ ಹಾಗಿರಲಿಲ್ಲ.

"ಒಳಗೆ ಹಿಡಿಯೂದಿಲ್ಲ. ಮೇಲೆ ಕಟ್ಟಿ ತಕಂಡು ಹೋಗಿ. ಎಲ್ಲರೂ ಹಾಂಗೇ ಮಾಡೂದು," ಎಂದ ಆಸ್ಪತ್ರೆಯ ಆಳು. ಹಗ್ಗವನ್ನೂ ಅವನೇ ಕೊಟ್ಟ.

ಜಟ್ಟಿ ಹಗ್ಗ ಕೈಯಲ್ಲಿ ಹಿಡಿದು ಕಾರಿನ ನೆತ್ತಿಯನ್ನು ನೋಡಿದ. ಬಿಸಿಲಿಗೆ ಅದು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿನುಗುತ್ತಿತ್ತು. ಚಾಪೆಯಿಂದ ಉಪ್ಪುನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮೇಲೆ ಕ್ಯಾರಿಯರ್ ಇಲ್ಲ," ಎಂದ. "ಹಗ್ಗ ಉಜ್ಜಿದ್ರೆ..."

ಅಷ್ಟೇ ಹೇಳಿದ. ಮುಂದಿನದು ಬೇಕಾಗಲಿಲ್ಲ. ನನಗೆ ಅರ್ಥವಾಯಿತು, ನಾಗಿಗೆ ಅರ್ಥವಾಯಿತು, ಏನೂ ಗೊತ್ತಿಲ್ಲದ ಆಸ್ಪತ್ರೆಯ ಆಳಿಗೂ ಅರ್ಥವಾಯಿತೋ ಏನೋ, ಅವನು ಹಗ್ಗ ತಿರುಗಿ ತೆಗೆದುಕೊಂಡು ಒಳಗೆ ಹೋದ.

"ನಾ ಟೆಂಪೊ ನೋಡ್ತೆ," ಎಂದು ಜಟ್ಟಿ ಪೇಟೆಗೆ ನಡೆದ. ಮೀನಿನ ಟೆಂಪೊ ಒಂದನ್ನು ಬಾಡಿಗೆಗೆ ಹಿಡಿದು ತಂದ. ಮಂಜುಗಡ್ಡೆಗೆ ಮುಚ್ಚಿದ್ದ ಮರದ ಹೊಟ್ಟು ಅದರೊಳಗೆ ಇನ್ನೂ ಇತ್ತು. ಮಾಬ್ಲನನ್ನು ಅದರ ಮೇಲೆ ಮಲಗಿಸಿದೆವು. ನಾಗಿ ಕಾರು ಹತ್ತಲಿಲ್ಲ. ಬಸುರಿ ಹೆಂಗಸು ಹೆಣದ ಪಕ್ಕ ಕೂರಬಾರದು ಎಂದು ಯಾರೋ ಅಂದರು. ಅವಳು ಕಿವಿಗೆ ಹಾಕಿಕೊಳ್ಳದೆ ಟೆಂಪೊದೊಳಗೆ ಗಂಡನ ತಲೆಯ ಹತ್ತಿರ ಕೂತಳು. ನಾನು ಕಾಲಿನ ಹತ್ತಿರ ಕೂತೆ.

ಶಿರಾಲಿ ದಾಟಿ ಬರುವಾಗ ತಿರುಗಿ ನೋಡಿದೆ. ಕಾರು ದೂರದಲ್ಲಿ, ನಿಧಾನಕ್ಕೆ ಬರುತ್ತಿತ್ತು. ಒಳಗೆ ಜಟ್ಟಿ ಒಬ್ಬನೇ, ಉಳಿದ ಸೀಟೆಲ್ಲ ಖಾಲಿ. ನಮ್ಮ ಟೆಂಪೊ ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಅವನಿಗೆ ನಮ್ಮ ಮುಖ ನೋಡಲು ಧೈರ್ಯವಿಲ್ಲ ಎಂದುಕೊಂಡೆ. ಆಮೇಲೆ ತಿಳಿಯಿತು. ರಸ್ತೆಗೆ ಹೊಸದಾಗಿ ಜಲ್ಲಿ ಹಾಕಿದ್ದರು. ಟೆಂಪೊದ ಚಕ್ರಕ್ಕೆ ಸಿಕ್ಕ ಕಲ್ಲು ಹಾರಿ ಬಂದು ಬಣ್ಣಕ್ಕೆ ತಾಗೀತು ಎಂದು ಅವನು ದೂರ ಇದ್ದ. ತಮ್ಮನ ಹೆಣದ ಹಿಂದೆ ಬರುವಾಗಲೂ ಅವನ ಕಾಲು ಬ್ರೇಕಿನ ಮೇಲೆ ಆ ಲೆಕ್ಕ ಹಾಕುತ್ತಿತ್ತು.

ಕೇರಿಯವರು ಅವನನ್ನು ಏನೂ ಕೇಳಲಿಲ್ಲ, ಮಾತನ್ನೇ ಬಿಟ್ಟರು. ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಮತ್ತೆ ಬಾವಿಕಟ್ಟೆಯಿಂದ ಸಿಹಿನೀರು ಹೊತ್ತು ಚಪ್ಪರಕ್ಕೆ ಹೋಗುವುದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

"ನಿಂಗೆ ನಾಚಿಕೆ ಇಲ್ಯನಾ?" ಎಂದೆ.

ಅವನು ಕೊಡಪಾನ ಕೆಳಗಿಟ್ಟ. "ಮಾಬ್ಲ ಹೋದ. ಈಗ ಪೇಂಟೂ ಹೋದ್ರೆ ನಂಗೆ ಎಂತ ಉಳೀತು ಹೇಳು ಲಕ್ಕಿ. ಎಂತಕ್ಕಾಗಿ ಇಷ್ಟೆಲ್ಲ ಆತು ಹೇಳಿ ನಾ ಯಾರ ಹತ್ರ ಕೇಳ್ಲಿ?"

ಅವನ ಮೇಲೆ ಸಿಟ್ಟೂ ಕನಿಕರವೂ ಒಟ್ಟಿಗೇ ಬಂದು, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಒಳಗೆ ಹೋದೆ.

ನಾಗಿಗೆ ಗಂಡು ಮಗು ಹುಟ್ಟಿತು. ಚಳಿ ಕಳೆಯುವ ಹೊತ್ತಿಗೆ ಕಾಮತರು ಬಂದರು. ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕೂತು ಮಾಬ್ಲನ ಸುದ್ದಿ ಕೇಳಿದರು. ಆಮೇಲೆ ಚಪ್ಪರಕ್ಕೆ ಹೋದರು. ಕಾರಿನ ಸುತ್ತ ನಡೆದರು. ಬಗ್ಗಿ ಅಡಿಗೆ ನೋಡಿದರು. ಹುಣಸೆ ಬೀಜದಷ್ಟು ಉಬ್ಬಿದ್ದು ಹಾಗೇ ನಿಂತಿತ್ತು, ಒಂದು ಎಳೆಯೂ ಬೆಳೆದಿರಲಿಲ್ಲ. ಬೆರಳಿನಿಂದ ಬಾಗಿಲನ್ನು ಸವರಿದರು.

"ಕಾರ್ಖಾನೆಯಿಂದ ಈಗ ಹೊರಗೆ ಬಂದ ಹಾಂಗಿದೆ ಜಟ್ಟಿ. ಮೀನಿನ ವಾಸನೆ ಒಂದು ಬಿಟ್ರೆ," ಎಂದರು. "ನನ್ನ ಮಾತು ಮಾತೇ. ವೀಸಾಕ್ಕೆ ಬರೀತೆ."

ಜಟ್ಟಿ ತಲೆ ತಗ್ಗಿಸಿ ನಿಂತಿದ್ದ. ಸಂತೋಷಪಡಲೂ ಅವನಿಗೆ ಹೆದರಿಕೆ. ನಾನು ಹೇಳಿಬಿಡುತ್ತೇನೆ, ಆ ಬಣ್ಣ ನಿಜವಾಗಿಯೂ ಚಂದವಿತ್ತು. ಅಷ್ಟು ಮಳೆ, ಅಷ್ಟು ಉಪ್ಪು, ಒಂದು ಸಾವು ಕಂಡೂ ಅದಕ್ಕೆ ಒಂದು ಗೀರು ಬಿದ್ದಿರಲಿಲ್ಲ.

ಆ ವಾರವೇ ನಾಗಿ ತವರಿಗೆ ಹೊರಟಳು. ಮತ್ತೆ ಬರುವುದಿಲ್ಲ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿಷಯ ತಿಳಿದ ಕಾಮತರು, ಕೂಸು ಕಟ್ಟಿಕೊಂಡು ಬಸ್ಸಿನಲ್ಲಿ ಯಾಕೆ, ಕಾರಿನಲ್ಲೇ ಅಳ್ವೆಕೋಡಿಗೆ ಬಿಟ್ಟು ಬಾ ಎಂದು ಜಟ್ಟಿಗೆ ಹೇಳಿದರು. ಜಟ್ಟಿ ಬಂದು ನಾಗಿಯ ಎದುರು ನಿಂತ. ಭಟ್ಕಳದಿಂದ ಬಂದ ಮೇಲೆ ಅವನು ಅವಳ ಹತ್ತಿರ ಆಡಿದ ಮೊದಲ ಮಾತು ಅದೇ ಇರಬೇಕು.

"ಕಾರಲ್ಲಿ ಬಿಟ್ಟು ಬತ್ತೆ ನಾಗಿ. ಇಲ್ಲ ಅನ್ಬೇಡ."

ನಾಗಿ ಮಗುವಿನ ಮುಖ ನೋಡಿದಳು. "ಆತು ಬಾವ," ಎಂದಳು.

ಅವಳು ಒಪ್ಪಿದ್ದು ನೋಡಿ ನನ್ನ ಎದೆಯ ಭಾರ ಅರ್ಧ ಇಳಿಯಿತು. ಜಟ್ಟಿಯ ಮುಖಕ್ಕೂ ಕಳೆ ಬಂತು. ಅವಳ ಪಾತ್ರೆ, ಅಕ್ಕಿಯ ಮೂಟೆ, ಮಗುವಿನ ತೊಟ್ಟಿಲು ಎಲ್ಲ ಡಿಕ್ಕಿಯಲ್ಲಿ ತುಂಬಿದ. ಮದುವೆಯಲ್ಲಿ ತಂದಿದ್ದ ತಗಡಿನ ಟ್ರಂಕು ಉಳಿಯಿತು. ಅದು ಎಲ್ಲೂ ಹಿಡಿಯಲಿಲ್ಲ. ಇರಲಿ, ಆಮೇಲೆ ಕಳಿಸಿಕೊಡುತ್ತೇನೆ ಎಂದೆ ನಾನು.

"ಬ್ಯಾಡ ಬ್ಯಾಡ. ಮೇಲೆ ಕಟ್ವಾ," ಎಂದ ಜಟ್ಟಿ.

ಮೇಲೆ ಎಂದನಲ್ಲ, ನನಗೆ ನಂಬಲಾಗಲಿಲ್ಲ. ಅವನು ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳುವ ರೀತಿ ಅದೇ ಎಂದು ತಿಳಿದೆ. ಅವನು ಮನೆಯೊಳಗೆ ಹೋಗಿ ಎರಡು ಕಂಬಳಿ ತಂದ. ಒಂದನ್ನು ನಾಲ್ಕು ಮಡಿಕೆ ಮಾಡಿ ಕಾರಿನ ನೆತ್ತಿಯ ಮೇಲೆ ಹಾಸಿದ. ಇನ್ನೊಂದನ್ನು ಅದರ ಮೇಲೆ, ಅಂಚು ಅಂಚಿಗೆ ಸರಿಹೊಂದಿಸಿ ಹಾಸಿದ. ಹಗ್ಗ ಹಾದುಹೋಗುವ ಬಾಗಿಲಿನ ಅಂಚಿಗೆ ಹಳೆ ಬಟ್ಟೆಯ ಮೆತ್ತೆ ಇಟ್ಟ. ಎಲ್ಲ ಅವನ ಕೈ ತಾನಾಗಿ ಮಾಡುತ್ತಿತ್ತು. ಟ್ರಂಕು ಎತ್ತಿ ಮೆಲ್ಲಗೆ ಕಂಬಳಿಯ ಮೇಲೆ ಕೂರಿಸಿ, ಹಗ್ಗ ಎಳೆದು, ಅಲುಗಾಡುತ್ತದೆಯೇ ಎಂದು ನೋಡಿದ. ಅಲುಗಾಡಲಿಲ್ಲ. ಬಣ್ಣಕ್ಕೆ ಹಗ್ಗ ಎಲ್ಲೂ ತಾಗಿರಲಿಲ್ಲ.

ನಾಗಿ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತಳು. ಕಂಬಳಿ ನೋಡಿದಳು. ಹಗ್ಗ ನೋಡಿದಳು.

"ಅವತ್ತು ಇಷ್ಟು ಹಾಸಿದ್ರೆ ಅವ್ರನ್ನೂ ತರುಕೆ ಆಗ್ತಿತ್ತು, ಅಲ್ದಾ ಬಾವ?"

ಕೂಗಿ ಹೇಳಲಿಲ್ಲ. ದೋಣಿಯ ಹೊಲಿಗೆಯ ಬಗ್ಗೆ ಹೇಳುವಾಗ ಹೇಗೆ ಮಾತಾಡುತ್ತಿದ್ದಳೋ ಅದೇ ದನಿ. ಜಟ್ಟಿಯ ಕೈಯಲ್ಲಿ ಹಗ್ಗದ ತುದಿ ಇನ್ನೂ ಇತ್ತು. ಭಟ್ಕಳದ ಆಸ್ಪತ್ರೆಯ ಜಗಲಿಯಲ್ಲಿ ಅವನ ತಲೆಗೆ ಹೊಳೆಯದೇ ಹೋದದ್ದು ಒಂದು ಕಂಬಳಿ. ಅದು ಹೊಳೆದದ್ದು ಟ್ರಂಕಿಗೆ.

"ಅಕ್ಕ, ಟ್ರಂಕು ಇಳಿಸು," ಎಂದಳು ನಾಗಿ ನನಗೆ.

ಗಂಟು ಬಿಚ್ಚಿ ಇಳಿಸಿದೆ. ಟ್ರಂಕನ್ನು ನನ್ನ ತಲೆಯ ಮೇಲೆ ಹೊತ್ತೆ. ಉಳಿದದ್ದು ಯಾವುದನ್ನೂ ಅವಳು ಕೇಳಲಿಲ್ಲ, ತೊಟ್ಟಿಲನ್ನೂ ಕೇಳಲಿಲ್ಲ. ಮರಳು ದಾರಿ ಹಿಡಿದು ಇಬ್ಬರೂ ಹೆದ್ದಾರಿಯ ಕಡೆ ನಡೆದೆವು. ತಿರುವಿನಲ್ಲಿ ನಾನೊಮ್ಮೆ ನೋಡಿದೆ. ಜಟ್ಟಿ ಎರಡೂ ಕೈಯನ್ನು ಕಂಬಳಿಯ ಮೇಲೆ ಊರಿ ನಿಂತಿದ್ದ. ಅವನು ಕರೆಯಲಿಲ್ಲ. ಕರೆದಿದ್ದರೆ ನಾನಾದರೂ ಒಂದು ಗಳಿಗೆ ನಿಲ್ಲುತ್ತಿದ್ದೆನೋ ಏನೋ. ಭಟ್ಕಳದ ಬಸ್ಸು ಬಂತು, ಹತ್ತಿದೆವು.